ಕ್ಲಾಡ್ ಹಾಪ್ಕಿನ್ಸ್

ಕ್ಲಾಡ್ ಸಿ. ಹಾಪ್ಕಿನ್ಸ್ (1866–1932) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಜಾಹೀರಾತು ಬರಹಗಾರರು. ಸಾಬೂನು, ದಂತಮಂಜನ, ಡಬ್ಬಿಯ ಆಹಾರ, ಅಡುಗೆಯ ಕೊಬ್ಬು, ಕಸ ಗುಡಿಸುವ ಯಂತ್ರ ಮುಂತಾದ ದಿನಬಳಕೆಯ ವಸ್ತುಗಳನ್ನು ದಿನಪತ್ರಿಕೆ ಮತ್ತು ನಿಯತಕಾಲಿಕಗಳ ಮೂಲಕ ಮನೆಮನೆಗೆ ಪರಿಚಯಿಸಿದವರಲ್ಲಿ ಇವರು ಅಗ್ರಗಣ್ಯರು. ಪಾಮೋಲಿವ್ ಸಾಬೂನು ಮತ್ತು ಪೆಪ್ಸೊಡೆಂಟ್ ದಂತಮಂಜನಗಳ ಆರಂಭಿಕ ಪ್ರಚಾರ ಇವರ ಕೈಯಿಂದ ನಡೆಯಿತು. ಜಾಹೀರಾತಿನ ಫಲವನ್ನು ಕೂಪನ್‌ಗಳ ಮೂಲಕ ಎಣಿಸಿ ನೋಡುವ ಪದ್ಧತಿಗೆ ಇವರು ಶಾಸ್ತ್ರದ ರೂಪ ಕೊಟ್ಟರು. 1923ರಲ್ಲಿ ಪ್ರಕಟವಾದ 'ಸೈಂಟಿಫಿಕ್ ಅಡ್ವರ್ಟೈಸಿಂಗ್' ಮತ್ತು 1927ರಲ್ಲಿ ಪುಸ್ತಕರೂಪದಲ್ಲಿ ಬಂದ ಆತ್ಮಕಥೆ 'ಮೈ ಲೈಫ್ ಇನ್ ಅಡ್ವರ್ಟೈಸಿಂಗ್' ಇವರ ಮುಖ್ಯ ಕೃತಿಗಳು. ಆ ಕಾಲದ ಕುಖ್ಯಾತ ಔಷಧ ವಂಚನೆಗಳಲ್ಲಿ ಒಂದಾದ ಲಿಕ್ವೋಜೋನ್‌ನ ಜಾಹೀರಾತುಗಳ ಹಿಂದೆ ಇದ್ದವರೂ ಇವರೇ.

ಇವರ ಜೀವನದ ಬಗ್ಗೆ ಇಂದು ಪ್ರಚಲಿತವಾಗಿರುವ ವಿವರಗಳಲ್ಲಿ ಹೆಚ್ಚಿನವು ಇವರ ಆತ್ಮಕಥೆಯಿಂದಲೇ ಬಂದವು. ಮಾರಾಟವನ್ನೇ ವೃತ್ತಿಯಾಗಿಸಿಕೊಂಡಿದ್ದ ವ್ಯಕ್ತಿಯೊಬ್ಬರು ತಮ್ಮ ಬಗ್ಗೆ ತಾವೇ ಬರೆದುಕೊಂಡ ಲೆಕ್ಕಗಳು ಅವು ಎಂಬುದನ್ನು ಗಮನದಲ್ಲಿಟ್ಟುಕೊಂಡು ಅವುಗಳನ್ನು ಓದುವುದು ಒಳ್ಳೆಯದು.

ಬಾಲ್ಯ

ಹಾಪ್ಕಿನ್ಸ್ 1866ರಲ್ಲಿ ಮಿಷಿಗನ್ ರಾಜ್ಯದಲ್ಲಿ ಜನಿಸಿದರು. ತಂದೆ ಮರದ ವ್ಯಾಪಾರದಿಂದ ಏಳಿಗೆ ಹೊಂದಿದ್ದ ಒಂದು ಪಟ್ಟಣದಲ್ಲಿ ಪತ್ರಿಕೆ ನಡೆಸುತ್ತಿದ್ದರು. ತಾಯಿ ಸ್ಕಾಟಿಷ್ ಮೂಲದವರು, ಕಟ್ಟಾ ಧಾರ್ಮಿಕ ಸ್ವಭಾವದವರು ಮತ್ತು ಮಿತವ್ಯಯಿ. ಆಗಿನ ಸಣ್ಣ ಪತ್ರಿಕೆಗಳಿಗೆ ಜಾಹೀರಾತುದಾರರು ಹಣದ ಬದಲು ಸರಕನ್ನೇ ಕೊಡುವ ವಾಡಿಕೆ ಇತ್ತು. ಹೀಗಾಗಿ ಹಾಪ್ಕಿನ್ಸ್ ಅವರ ಮನೆ ಜಾಹೀರಾತಿನ ಸಾಮಾನುಗಳ ಗೋದಾಮಿನಂತಿತ್ತು. ಒಂದು ಹಂತದಲ್ಲಿ ಆರು ಪಿಯಾನೊಗಳೂ ಆರು ಹೊಲಿಗೆ ಯಂತ್ರಗಳೂ ಮನೆಯಲ್ಲಿದ್ದುದನ್ನು ಅವರು ನೆನೆದಿದ್ದಾರೆ. ಹಾಗೆ ಬಂದ ಸರಕುಗಳಲ್ಲಿ ವಿನೆಗರ್ ಬಿಟರ್ಸ್ ಎಂಬ ಔಷಧವೂ ಒಂದು. ಔಷಧ ಕಹಿಯಾದಷ್ಟೂ ಗುಣ ಹೆಚ್ಚು ಎಂಬ ನಂಬಿಕೆ ನಮ್ಮ ಹಳ್ಳಿಗಳಂತೆ ಅಲ್ಲಿಯೂ ಇದ್ದ ಕಾಲ ಅದು. ಹುಳಿಸುವಾಗ ಕೆಟ್ಟುಹೋದ ವಿನೆಗರ್ ಆ ಔಷಧದ ಮೂಲವೆಂದು ಹಾಪ್ಕಿನ್ಸ್ ಮುಂದೆ ತಿಳಿದುಕೊಂಡರು. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಬಂದರೂ ತಾಯಿ ಅದನ್ನೇ ಕುಡಿಸುತ್ತಿದ್ದರು.

ಹತ್ತನೆಯ ವಯಸ್ಸಿಗೆ ತಂದೆಯ ಆಸರೆ ತಪ್ಪಿತು. ಅಂದಿನಿಂದ ಹುಡುಗ ದುಡಿಮೆಗೆ ಇಳಿಯಬೇಕಾಯಿತು. ಬೆಳಗಾಗುವ ಮೊದಲೇ ಎದ್ದು ಶಾಲೆಯ ಕಟ್ಟಡದ ಬಾಗಿಲು ತೆರೆಯುವುದು, ಒಲೆ ಹೊತ್ತಿಸುವುದು, ಬೆಂಚುಗಳ ಧೂಳು ಹೊಡೆಯುವುದು, ಸಂಜೆ ಮತ್ತೆ ಗುಡಿಸಿ ಬೀಗ ಹಾಕುವುದು, ಆಮೇಲೆ ಮನೆಮನೆಗೆ ಪತ್ರಿಕೆ ಹಾಕುವುದು ಅವರ ದಿನಚರಿಯಾಗಿತ್ತು. ಕರಪತ್ರ ಹಂಚುವ ಕೆಲಸವನ್ನೂ ಮಾಡಿದರು. ಇತರ ಹುಡುಗರು ಒಂದೇ ಬಾಗಿಲಲ್ಲಿ ಹಲವು ಪತ್ರಗಳನ್ನು ಎಸೆದು ಹೋಗುತ್ತಿದ್ದರೆ, ಇವರು ಪ್ರತಿ ಮನೆಗೂ ಒಂದೊಂದನ್ನೇ ತಲುಪಿಸಿ, ಬೇಕಾದರೆ ವಿಚಾರಿಸಿ ನೋಡಿ ಎಂದು ವ್ಯಾಪಾರಿಗಳಿಗೆ ಹೇಳುತ್ತಿದ್ದರು. ಫಲಿತಾಂಶ ಹೆಚ್ಚಾಗಿ ಕಂಡದ್ದರಿಂದ ಆ ಕೆಲಸ ಪೂರ್ತಿಯಾಗಿ ಇವರ ಪಾಲಿಗೆ ಬಂತು.

ತಾಯಿ ಬೆಳ್ಳಿ ಪಾತ್ರೆಗಳನ್ನು ಹೊಳಪಿಸುವ ಒಂದು ಪುಡಿಯನ್ನು ಮನೆಯಲ್ಲಿಯೇ ತಯಾರಿಸುತ್ತಿದ್ದರು. ಮಗ ಅದನ್ನು ಬಿಲ್ಲೆಗಳಾಗಿ ಅಚ್ಚು ಹಾಕಿ, ಚಂದದ ಕಾಗದ ಸುತ್ತಿ ಮಾರಲು ಹೊರಟ. ಬಾಗಿಲಲ್ಲಿ ನಿಂತು ಮಾತನಾಡಿದರೆ ಹತ್ತು ಮನೆಗಳಲ್ಲಿ ಒಂದು ಮನೆಯವರು ಕೊಳ್ಳುತ್ತಿದ್ದರು. ಅಡುಗೆಮನೆಯೊಳಗೆ ಹೋಗಿ ಅವರದೇ ಪಾತ್ರೆಯನ್ನು ಉಜ್ಜಿ ತೋರಿಸಿದರೆ ಹೆಚ್ಚುಕಡಿಮೆ ಎಲ್ಲರೂ ಕೊಳ್ಳುತ್ತಿದ್ದರು. ಮಾದರಿಯನ್ನು ಕೈಗೆ ಕೊಡದೆ ಮಾತಿನಿಂದಷ್ಟೇ ಮಾರಲು ಹೋಗುವವರನ್ನು ಹಾಪ್ಕಿನ್ಸ್ ಜೀವನದುದ್ದಕ್ಕೂ ಟೀಕಿಸಿದರು. ಅದರ ಮೂಲ ಈ ಅನುಭವ.

ಮಗ ಪಾದ್ರಿಯಾಗಬೇಕೆಂಬುದು ತಾಯಿಯ ಹಂಬಲ. ಹಾಪ್ಕಿನ್ಸ್ ಎಳೆಯ ವಯಸ್ಸಿನಲ್ಲಿಯೇ ಉಪದೇಶ ಮಾಡಲು ಆರಂಭಿಸಿದರು. ಆದರೆ ಇಸ್ಪೀಟು, ನೃತ್ಯ, ನಾಟಕ ಎಲ್ಲವನ್ನೂ ಪಾಪವೆನ್ನುವ ಕಟ್ಟುನಿಟ್ಟಿನ ಮತ ಅವರಿಗೆ ಒಗ್ಗಲಿಲ್ಲ. ಹದಿನೆಂಟರ ಹೊತ್ತಿಗೆ ತಮ್ಮ ಭಿನ್ನಾಭಿಪ್ರಾಯವನ್ನು ಬಹಿರಂಗವಾಗಿ ಹೇಳಿ ಆ ದಾರಿಯನ್ನು ಬಿಟ್ಟರು. ತಾಯಿ–ಮಗನ ನಡುವಿನ ಆತ್ಮೀಯತೆ ಅಲ್ಲಿಗೆ ಮುರಿಯಿತು. ಮುಂದೆ ಅದು ಮೊದಲಿನಂತಾಗಲಿಲ್ಲ.

ಗ್ರ್ಯಾಂಡ್ ರಾಪಿಡ್ಸ್‌ನಿಂದ ಶಿಕಾಗೊಗೆ

ಮಿಷಿಗನ್‌ನ ಗ್ರ್ಯಾಂಡ್ ರಾಪಿಡ್ಸ್ ನಗರದಲ್ಲಿ ವಾಣಿಜ್ಯ ಶಿಕ್ಷಣ ಪಡೆದ ಹಾಪ್ಕಿನ್ಸ್ ಗುಮಾಸ್ತರಾಗಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ನಂತರ ಅದೇ ನಗರದ ಬಿಸೆಲ್ ಕಾರ್ಪೆಟ್ ಸ್ವೀಪರ್ ಕಂಪನಿಗೆ ಲೆಕ್ಕಿಗರಾದರು. ಕಂಪನಿಯು ತನ್ನ ರತ್ನಗಂಬಳಿ ಗುಡಿಸುವ ಯಂತ್ರದ ಪ್ರಚಾರ ಪುಸ್ತಿಕೆಯನ್ನು ಜಾನ್ ಇ. ಪವರ್ಸ್ ಅವರಿಂದ ಬರೆಸಿತ್ತು. ಪವರ್ಸ್ ಆ ಕಾಲದ ಬಹು ಗೌರವಾನ್ವಿತ ಜಾಹೀರಾತು ಬರಹಗಾರರು. ಫಿಲಡೆಲ್ಫಿಯಾದ ವಾನಮೇಕರ್ ಅಂಗಡಿಯ ಜಾಹೀರಾತುಗಳಿಂದ ಹೆಸರಾದವರು. ಆದರೆ ಅವರು ಯಂತ್ರವನ್ನಾಗಲಿ, ಅದನ್ನು ಕೊಳ್ಳುವ ಗೃಹಿಣಿಯನ್ನಾಗಲಿ ಅರಿತು ಬರೆದಿಲ್ಲವೆಂದು ತರುಣ ಲೆಕ್ಕಿಗ ಮೇಲಧಿಕಾರಿಗಳ ಮುಂದೆ ವಾದಿಸಿ, ತಾನೇ ಬೇರೊಂದು ಪುಸ್ತಿಕೆಯನ್ನು ಬರೆದುಕೊಟ್ಟ. ಕಂಪನಿ ಅದನ್ನು ಆರಿಸಿಕೊಂಡಿತು.

ಮುಂದೆ ಹಾಪ್ಕಿನ್ಸ್ ಆ ಯಂತ್ರವನ್ನು ಕ್ರಿಸ್ಮಸ್ ಉಡುಗೊರೆಯಾಗಿ ಮಾರುವ ಯೋಜನೆ ಹಾಕಿದರು. ಅಂಗಡಿಗಳಿಗೆ ಕಳುಹಿಸಿದ ಸುಮಾರು 5,000 ಪತ್ರಗಳಿಂದ 1,000 ಬೇಡಿಕೆಗಳು ಬಂದುವೆಂದು ಅವರ ಲೆಕ್ಕ. ಅದಾದ ಮೇಲೆ ಯಂತ್ರದ ಹೊರಕವಚವನ್ನು ಹನ್ನೆರಡು ಬಗೆಯ ಅಪರೂಪದ ಮರಗಳಲ್ಲಿ ಮಾಡಿಸಿದರು. ಯಂತ್ರದ ಒಳಭಾಗ ಮೊದಲಿನದೇ. ಉಳಿದವರು ಗುಡಿಸುವ ಶಕ್ತಿಯ ಬಗ್ಗೆ ಮಾತನಾಡುತ್ತಿದ್ದಾಗ ಇವರು ಮರದ ಚೆಲುವಿನ ಬಗ್ಗೆ ಬರೆದರು, ಮತ್ತು ಅದು ಮಾರಾಟವಾಯಿತು.

1890ರ ದಶಕದಲ್ಲಿ ಅವರು ಶಿಕಾಗೊಗೆ ಹೋಗಿ ಮಾಂಸೋದ್ಯಮದ ದೈತ್ಯ ಸಂಸ್ಥೆಯಾದ ಸ್ವಿಫ್ಟ್ ಅಂಡ್ ಕಂಪನಿಯಲ್ಲಿ ಜಾಹೀರಾತು ವ್ಯವಸ್ಥಾಪಕರಾದರು. ಅಲ್ಲಿ ಅವರ ಪಾಲಿಗೆ ಬಂದ ಸರಕು ಕೋಟೊಸ್ಯೂಟ್. ಇದು ಹತ್ತಿಬೀಜದ ಎಣ್ಣೆ ಮತ್ತು ದನದ ಕೊಬ್ಬನ್ನು ಬೆರೆಸಿ ಮಾಡಿದ, ಅಡುಗೆಗೆ ಹಂದಿಕೊಬ್ಬಿನ ಬದಲು ಬಳಸುವ ಪದಾರ್ಥ. ಕಾಟೊಲಿನ್ ಎಂಬ ಇಂಥದೇ ಪ್ರತಿಸ್ಪರ್ಧಿ ಸರಕು ಮಾರುಕಟ್ಟೆಯಲ್ಲಿ ಆಗಲೇ ಬೇರೂರಿತ್ತು. ಶಿಕಾಗೊದಲ್ಲಿ ಹೊಸದಾಗಿ ತೆರೆಯುತ್ತಿದ್ದ ರಾತ್ಸ್‌ಚೈಲ್ಡ್ ಬಹುವಸ್ತು ಮಳಿಗೆಯಲ್ಲಿ, ಬೆಣ್ಣೆಯ ಬದಲು ಕೋಟೊಸ್ಯೂಟ್ ಹಾಕಿ ಮಾಡಿದ ಒಂದು ಬೃಹತ್ ಕೇಕನ್ನು ಹಾಪ್ಕಿನ್ಸ್ ಪ್ರದರ್ಶನಕ್ಕಿಟ್ಟರು. ಪತ್ರಿಕೆಗಳಲ್ಲಿ ಅರ್ಧ ಪುಟದ ಜಾಹೀರಾತು ಹಾಕಿಸಿ ಅದನ್ನು ಜಗತ್ತಿನ ಅತಿ ದೊಡ್ಡ ಕೇಕ್ ಎಂದು ಸಾರಿದರು. ಕೇಕಿನ ತೂಕವನ್ನು ಸರಿಯಾಗಿ ಊಹಿಸಿದವರಿಗೆ ಬಹುಮಾನ. ಆದರೆ ಊಹಿಸಲು ಒಂದು ಡಬ್ಬಿ ಕೋಟೊಸ್ಯೂಟ್ ಕೊಂಡಿರಬೇಕು. ಒಂದು ವಾರದಲ್ಲಿ 1,05,000 ಮಂದಿ ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಅದನ್ನು ನೋಡಿದರೆಂದು ಆತ್ಮಕಥೆ ಹೇಳುತ್ತದೆ.

ಷ್ಲಿಟ್ಸ್ ಬಿಯರ್

ಅನಂತರ ಹಾಪ್ಕಿನ್ಸ್ ವಿಸ್ಕಾನ್ಸಿನ್ ರಾಜ್ಯದ ರಸೀನ್ ನಗರದಲ್ಲಿ ಡಾ. ಷೂಪ್ ಎಂಬುವರ ಔಷಧ ಕಂಪನಿಗೆ ಬರೆದರು. ಅದರ ಜೊತೆಗೆ ಶಿಕಾಗೊದ ಏಜೆನ್ಸಿಯೊಂದಕ್ಕಾಗಿ ಇತರ ಸರಕುಗಳ ಜಾಹೀರಾತುಗಳನ್ನೂ ಬರೆದುಕೊಡುತ್ತಿದ್ದರು. ಅವುಗಳಲ್ಲಿ ಮಿಲ್ವಾಕಿಯ ಷ್ಲಿಟ್ಸ್ ಬಿಯರ್‌ನ ಜಾಹೀರಾತುಗಳು ಹೆಸರಾದವು. ಆಗ ಎಲ್ಲ ತಯಾರಕರೂ ತಮ್ಮ ಬಿಯರ್ ಶುದ್ಧವೆಂದು ದಪ್ಪ ಅಕ್ಷರಗಳಲ್ಲಿ ಸಾರುತ್ತಿದ್ದರು. ಆ ಮಾತು ಓದುಗರ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಹಾಪ್ಕಿನ್ಸ್ ಕಾರ್ಖಾನೆಯನ್ನು ನೋಡಲು ಹೋದರು. ಸೋಸಿದ ಗಾಳಿಯಲ್ಲಿ ಬಿಯರನ್ನು ತಣಿಸುವ ಗಾಜಿನ ಕೋಣೆಗಳು, ಆಳದ ಬಾವಿಗಳಿಂದ ತೆಗೆದ ನೀರು, ಹಬೆಯಿಂದ ತೊಳೆದ ಸೀಸೆಗಳು, ಸಾವಿರಕ್ಕೂ ಹೆಚ್ಚು ಪ್ರಯೋಗಗಳ ನಂತರ ಆಯ್ದ ಯೀಸ್ಟಿನ ತಳಿ, ಇವೆಲ್ಲ ಅವರಿಗೆ ಬೆರಗು ಹುಟ್ಟಿಸಿದವು. ಎಲ್ಲ ತಯಾರಕರೂ ಹೀಗೆಯೇ ಮಾಡುತ್ತಾರೆ, ಇದರಲ್ಲಿ ಹೇಳುವುದೇನಿದೆ ಎಂದು ಕಂಪನಿಯವರು ಕೇಳಿದರು. ಎಲ್ಲರೂ ಮಾಡುವುದನ್ನು ಯಾರೂ ಹೇಳಿಲ್ಲವಾದ್ದರಿಂದ ಮೊದಲು ಹೇಳಿದವರಿಗೆ ಅದು ಸಲ್ಲುತ್ತದೆ ಎಂಬುದು ಹಾಪ್ಕಿನ್ಸ್ ಅವರ ಉತ್ತರವಾಗಿತ್ತು. ಮಾರಾಟದಲ್ಲಿ ಐದನೆಯ ಸ್ಥಾನದಲ್ಲಿದ್ದ ಷ್ಲಿಟ್ಸ್ ಕೆಲವೇ ತಿಂಗಳುಗಳಲ್ಲಿ ಮೊದಲ ಸ್ಥಾನಕ್ಕೆ ಸಮಸಮವಾಗಿ ಬಂತೆಂದು ಅವರು ಬರೆದಿದ್ದಾರೆ.

ಈ ಜಾಹೀರಾತುಗಳಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಓದಿದವರಿಗೆ ಉಳಿದ ಬಿಯರುಗಳನ್ನು ಹೀಗೆ ಮಾಡುವುದಿಲ್ಲ ಎಂಬ ಭಾವನೆ ಬರುತ್ತಿತ್ತು. ನಿಜವನ್ನಷ್ಟೇ ಹೇಳಿ ನಿಜವಲ್ಲದ್ದನ್ನು ಓದುಗರ ಊಹೆಗೆ ಬಿಡುವ ಈ ತಂತ್ರವನ್ನು ಜಾಹೀರಾತು ಪಠ್ಯಗಳಲ್ಲಿ ಇಂದಿಗೂ ಕಲಿಸುತ್ತಾರೆ.

ಲಿಕ್ವೋಜೋನ್

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಪತ್ರಿಕೆಗಳನ್ನು ಬಹುಮಟ್ಟಿಗೆ ಸಲಹುತ್ತಿದ್ದುದು ಪೇಟೆಂಟ್ ಔಷಧಗಳ ಜಾಹೀರಾತು. ಹೆಸರು ಪೇಟೆಂಟ್ ಎಂದಿದ್ದರೂ ಅವುಗಳಲ್ಲಿ ಬಹುಪಾಲು ಔಷಧಗಳಿಗೆ ಪೇಟೆಂಟ್ ಇರಲಿಲ್ಲ; ಪೇಟೆಂಟ್ ಪಡೆಯಬೇಕಾದರೆ ಒಳಗೇನಿದೆ ಎಂದು ಹೇಳಬೇಕಾಗುತ್ತಿತ್ತು. ಕೆಲವುಗಳಲ್ಲಿ ಮದ್ಯಸಾರ, ಕೆಲವುಗಳಲ್ಲಿ ಅಫೀಮು ಇರುತ್ತಿತ್ತು. ವೈದ್ಯರ ಶುಲ್ಕ ತೆರಲಾಗದ ಬಡವರೂ ವೈದ್ಯರಿಂದ ಕೈಬಿಡಲ್ಪಟ್ಟ ರೋಗಿಗಳೂ ಇವುಗಳ ಗ್ರಾಹಕರು.

ಶಿಕಾಗೊದ ಉದ್ಯಮಿ ಡಗ್ಲಸ್ ಸ್ಮಿತ್ ಕೆನಡಾ ಮೂಲದ ಒಂದು ಕ್ರಿಮಿನಾಶಕ ದ್ರವದ ಹಕ್ಕುಗಳನ್ನು ಕೊಂಡು ಅದಕ್ಕೆ ಲಿಕ್ವೋಜೋನ್ ಎಂಬ ಹೆಸರಿಟ್ಟರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹಾಪ್ಕಿನ್ಸ್ ಸಂಬಳದ ಬದಲು ಕಂಪನಿಯ ಕಾಲು ಭಾಗದ ಪಾಲು ಪಡೆದು ಸ್ಮಿತ್ ಅವರ ಜೊತೆ ಸೇರಿದರು. ಅವರ ಜಾಹೀರಾತಿನ ಕೆಳಮೂಲೆಯಲ್ಲಿ ಒಂದು ಕೂಪನ್ ಇರುತ್ತಿತ್ತು. ಓದುಗರು ಅದನ್ನು ತುಂಬಿ ಕಳುಹಿಸಿದರೆ, ಊರಿನ ಔಷಧದ ಅಂಗಡಿಯಲ್ಲಿ 50 ಸೆಂಟಿನ ಒಂದು ಸೀಸೆ ಉಚಿತವಾಗಿ ಸಿಗುತ್ತಿತ್ತು. ಅದರ ಬೆಲೆಯನ್ನು ಕಂಪನಿಯೇ ಅಂಗಡಿಗೆ ಕೊಡುತ್ತಿತ್ತು. ಅಂಗಡಿಯವರು ಕೂಪನ್ ಹಿಡಿದು ಬರುವವರಿಗಾಗಿಯಾದರೂ ಸರಕು ತರಿಸಲೇಬೇಕಾಗುತ್ತಿತ್ತು. ಹಾಪ್ಕಿನ್ಸ್ ಮೊದಲು ಕೆಲವು ಸಣ್ಣ ನಗರಗಳಲ್ಲಿ ಪರೀಕ್ಷಿಸಿದರು. ಅವರ ಲೆಕ್ಕದಲ್ಲಿ ಒಂದೊಂದು ಕೂಪನ್ ಬರಲು 18 ಸೆಂಟ್ ಖರ್ಚಾಗಿ, ಕೂಪನ್ ಕಳುಹಿಸಿದ ಪ್ರತಿ ವ್ಯಕ್ತಿಯಿಂದ ಸರಾಸರಿ 91 ಸೆಂಟಿನ ಮಾರಾಟವಾಗುತ್ತಿತ್ತು. ಲೆಕ್ಕ ಕೂಡಿಬಂದ ಮೇಲೆ ದೇಶದ ಎಲ್ಲೆಡೆಯ ಪತ್ರಿಕೆಗಳಲ್ಲಿ ಜಾಹೀರಾತು ಹರಿಯಿತು. ಅಲ್ಪ ಕಾಲದಲ್ಲಿಯೇ ವ್ಯಾಪಾರ ಲಂಡನ್ನಿಗೂ ಯುರೋಪಿನ ಇತರ ದೇಶಗಳಿಗೂ ಹಬ್ಬಿತು. ಪಾಲುದಾರ ಹಾಪ್ಕಿನ್ಸ್ ಶ್ರೀಮಂತರಾದರು.

ಜಾಹೀರಾತುಗಳು ಆಸ್ತಮಾ, ಆಮಶಂಕೆ, ಕ್ಷಯ, ಕ್ಯಾನ್ಸರ್ ಸೇರಿದಂತೆ ರೋಗಗಳ ಉದ್ದನೆಯ ಪಟ್ಟಿಯನ್ನೇ ಕೊಡುತ್ತಿದ್ದವು. ರೋಗಗಳಿಗೆ ಸೂಕ್ಷ್ಮಾಣುಗಳು ಕಾರಣವೆಂಬ ವಿಚಾರ ಆಗ ಹೊಸದು ಮತ್ತು ಜನಪ್ರಿಯ. ಒಂದೇ ದ್ರವ ಎಲ್ಲ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ ಎಂಬ ವಾದ ಸಾಮಾನ್ಯ ಓದುಗನಿಗೆ ವಿಜ್ಞಾನದ ಮಾತಿನಂತೆಯೇ ಕೇಳುತ್ತಿತ್ತು.

1905ರಲ್ಲಿ 'ಕೊಲಿಯರ್ಸ್' ವಾರಪತ್ರಿಕೆಯಲ್ಲಿ ಪತ್ರಕರ್ತ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ 'ದಿ ಗ್ರೇಟ್ ಅಮೆರಿಕನ್ ಫ್ರಾಡ್' ಎಂಬ ಲೇಖನಮಾಲೆಯನ್ನು ಆರಂಭಿಸಿದರು. ಅದರ ಒಂದು ಲೇಖನ ಲಿಕ್ವೋಜೋನ್‌ಗೇ ಮೀಸಲಾಗಿತ್ತು. ರಾಸಾಯನಿಕ ವಿಶ್ಲೇಷಣೆಯ ಪ್ರಕಾರ ಸೀಸೆಯಲ್ಲಿದ್ದುದು ಬಹುತೇಕ ನೀರು. ಅದರಲ್ಲಿ ಸುಮಾರು ಶೇಕಡಾ ಒಂದರಷ್ಟು ಗಂಧಕಾಮ್ಲ ಮತ್ತು ಅದಕ್ಕೆ ಸಂಬಂಧಿಸಿದ ಇನ್ನೊಂದು ಆಮ್ಲ. ರೋಗ ತಗುಲಿಸಿದ ಗಿನಿ ಇಲಿಗಳಿಗೆ ಅದನ್ನು ಕೊಟ್ಟು ನೋಡಿದಾಗ ಅವು ಉಳಿಯಲಿಲ್ಲ. ಕ್ಷಯರೋಗಿಯೊಬ್ಬ ಆಮ್ಲ ಬೆರೆತ ನೀರನ್ನು ನಂಬಿ ಕಳೆದ ತಿಂಗಳುಗಳು ಕೂಪನ್ನಿನ ಲೆಕ್ಕದಲ್ಲಿ ಎಲ್ಲಿಯೂ ಕಾಣುವಂತಿರಲಿಲ್ಲ. ಆ ಲೆಕ್ಕದಲ್ಲಿ ಅವನು 91 ಸೆಂಟಿನ ಗ್ರಾಹಕ.

ಇಂಥ ಔಷಧಗಳ ವಿರುದ್ಧ ಪತ್ರಿಕೆಗಳು ಅಷ್ಟು ಕಾಲ ಸುಮ್ಮನಿದ್ದುದಕ್ಕೆ ಕಾರಣವನ್ನೂ 'ಕೊಲಿಯರ್ಸ್' ಅದೇ ವರ್ಷ ಬಯಲು ಮಾಡಿತು. ಔಷಧ ತಯಾರಕರು ಪತ್ರಿಕೆಗಳೊಂದಿಗೆ ಮಾಡಿಕೊಳ್ಳುತ್ತಿದ್ದ ಜಾಹೀರಾತು ಒಪ್ಪಂದಗಳಲ್ಲಿ ಕೆಂಪು ಮಸಿಯಲ್ಲಿ ಮುದ್ರಿಸಿದ ಒಂದು ಷರತ್ತು ಇರುತ್ತಿತ್ತು: ಆ ರಾಜ್ಯದಲ್ಲಿ ಪೇಟೆಂಟ್ ಔಷಧಗಳಿಗೆ ವಿರುದ್ಧವಾದ ಕಾನೂನು ಬಂದರೆ ಒಪ್ಪಂದ ರದ್ದು. ಹೀಗಾಗಿ ಕಾನೂನಿಗಾಗಿ ಒತ್ತಾಯಿಸಬೇಕಾದ ಸಂಪಾದಕರೇ ಅದನ್ನು ತಡೆಯುವುದರಲ್ಲಿ ತಮ್ಮ ಲಾಭ ಕಂಡಿದ್ದರು. 'ಲೇಡೀಸ್ ಹೋಮ್ ಜರ್ನಲ್' ಮಾತ್ರ 1892ರಿಂದಲೇ ಇಂಥ ಜಾಹೀರಾತುಗಳನ್ನು ನಿರಾಕರಿಸಿತ್ತು. 1906ರ ಜೂನ್ 30ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯಿದೆಗೆ ಸಹಿ ಹಾಕಿದರು. ಆ ಕಾಯಿದೆ ಸೀಸೆಯ ಮೇಲಿನ ಚೀಟಿಯನ್ನು ನಿಯಂತ್ರಿಸಿತು. ಪತ್ರಿಕೆಯ ಪುಟವನ್ನು ಮುಟ್ಟಲಿಲ್ಲ.

ಎರಡು ದಶಕಗಳ ನಂತರ ಬರೆದ ಆತ್ಮಕಥೆಯಲ್ಲಿ ಹಾಪ್ಕಿನ್ಸ್ ಲಿಕ್ವೋಜೋನ್ ಪ್ರಸಂಗವನ್ನು ಮುಖ್ಯವಾಗಿ ವ್ಯಾಪಾರದ ಒಂದು ಯಶೋಗಾಥೆಯಾಗಿ ಹೇಳಿದ್ದಾರೆ.

ಲಾರ್ಡ್ ಅಂಡ್ ಥಾಮಸ್

ಶಿಕಾಗೊದ ಲಾರ್ಡ್ ಅಂಡ್ ಥಾಮಸ್ ಏಜೆನ್ಸಿಯನ್ನು ನಡೆಸುತ್ತಿದ್ದ ಆಲ್ಬರ್ಟ್ ಲಾಸ್ಕರ್ (1880–1952) 1907ರ ಸುಮಾರಿಗೆ ಹಾಪ್ಕಿನ್ಸ್ ಅವರನ್ನು ಕರೆಸಿಕೊಂಡರು. ಜಾಹೀರಾತು ಎಂದರೆ ಅಚ್ಚಿನಲ್ಲಿ ನಡೆಯುವ ಮಾರಾಟಗಾರಿಕೆ ಎಂಬ ವಿಚಾರವನ್ನು ಲಾಸ್ಕರ್ ಅದಕ್ಕೆ ಮೊದಲೇ ಜಾನ್ ಇ. ಕೆನಡಿ ಎಂಬ ಬರಹಗಾರರಿಂದ ಪಡೆದಿದ್ದರು. ಕೊಳ್ಳಲು ಕಾರಣ ಕೊಡುವ ಜಾಹೀರಾತನ್ನು ಬರೆಯಬಲ್ಲವರಿಗಾಗಿ ಅವರು ಹುಡುಕುತ್ತಿದ್ದರು. ಪ್ರಕಾಶಕ ಸೈರಸ್ ಕರ್ಟಿಸ್ ತಮ್ಮ ಪತ್ರಿಕೆಗಳಲ್ಲಿ ಮದ್ಯದ ಜಾಹೀರಾತನ್ನೇ ಸೇರಿಸದವರು. ಅವರು ರೈಲಿನಲ್ಲಿ ಷ್ಲಿಟ್ಸ್ ಜಾಹೀರಾತನ್ನು ಓದಿ ಒಂದು ಸೀಸೆ ತರಿಸಿದರೆಂದೂ, ಅದನ್ನು ಬರೆದವರನ್ನು ಬಿಡಬೇಡಿ ಎಂದು ಲಾಸ್ಕರ್‌ಗೆ ಸಲಹೆ ಕೊಟ್ಟರೆಂದೂ ಒಂದು ಕಥೆ ಇದೆ. ಲಿಕ್ವೋಜೋನ್ ಹಗರಣದ ನಂತರ ಹಾಪ್ಕಿನ್ಸ್ ದುಡಿಮೆಯಿಂದ ದೂರವಿರಲು ಬಯಸಿದ್ದರು. ಲಾಸ್ಕರ್ ಮುಂದೆ ನೆನೆದಂತೆ, ಹಾಪ್ಕಿನ್ಸ್ ಅವರ ಪತ್ನಿ ಬಯಸಿದ್ದ ವಿದ್ಯುತ್ ಕಾರೊಂದನ್ನು ಕೊಡಿಸಿದ ಮೇಲೆ ಮಾತುಕತೆ ಸುಲಭವಾಯಿತು. ಹಾಪ್ಕಿನ್ಸ್ ಅದನ್ನು ಕೊಳ್ಳಲಾಗದವರಲ್ಲ. ತಾಯಿ ಕಲಿಸಿದ ಮಿತವ್ಯಯ ಅವರನ್ನು ಬಿಟ್ಟಿರಲಿಲ್ಲ.

ಅವರ ಸಂಬಳ ವಾರಕ್ಕೆ 1,000 ಡಾಲರಿಗೆ ಏರಿತು. ಕಮಿಷನ್ ಸೇರಿ ಒಂದು ವರ್ಷ 1,85,000 ಡಾಲರ್ ಗಳಿಸಿದ್ದುಂಟು. ದೇಶದಲ್ಲಿ ಬರಹದಿಂದ ಅಷ್ಟು ಗಳಿಸುತ್ತಿದ್ದವರು ಆಗ ವಿರಳ. ಮುಂದೆ ಅವರು ಏಜೆನ್ಸಿಯ ಅಧ್ಯಕ್ಷರೂ ಆದರು.

ಮೊದಲ ಕೆಲಸ ವ್ಯಾನ್ ಕ್ಯಾಂಪ್ ಕಂಪನಿಯ ಡಬ್ಬಿಯ ಬೀನ್ಸ್. ಹಾಪ್ಕಿನ್ಸ್ ಜನರನ್ನು ಕಳುಹಿಸಿ ಮನೆಮನೆಗಳಲ್ಲಿ ವಿಚಾರಿಸಿದಾಗ, ನೂರಕ್ಕೆ 94 ಮನೆಗಳಲ್ಲಿ ಬೀನ್ಸನ್ನು ತಾವೇ ಬೇಯಿಸಿಕೊಳ್ಳುತ್ತಾರೆಂದು ತಿಳಿಯಿತು. ಎಲ್ಲ ಕಂಪನಿಗಳೂ ಉಳಿದ ಆರು ಮನೆಗಳಿಗಾಗಿ ಹೋರಾಡುತ್ತಿದ್ದವು. ಇವರು ಇತರ ಕಂಪನಿಗಳನ್ನು ಬಿಟ್ಟು ಮನೆಯ ಒಲೆಯೊಂದಿಗೆ ಸ್ಪರ್ಧೆಗಿಳಿದರು. ಬೀನ್ಸ್ ಬೇಯಿಸಲು ಗಂಟೆಗಟ್ಟಲೆ ಹಿಡಿಯುತ್ತದೆ, ಮನೆಯ ಒಲೆಯಲ್ಲಿ ಮೇಲಿನ ಕಾಳು ಸೀದು ನಡುವಿನದು ಬೇಯದೆ ಉಳಿಯುತ್ತದೆ, ಕಾರ್ಖಾನೆಯ ಹಬೆಯೊಲೆಯಲ್ಲಿ ಎಲ್ಲವೂ ಸಮವಾಗಿ ಬೇಯುತ್ತದೆ ಎಂದು ವಿವರಿಸಿದರು. ಪ್ರತಿಸ್ಪರ್ಧಿಗಳ ಡಬ್ಬಿಯನ್ನೂ ತಂದು ಹೋಲಿಸಿ ನೋಡಿ ಎಂಬ ಆಹ್ವಾನವೂ ಇತ್ತು.

ಕ್ವೇಕರ್ ಓಟ್ಸ್ ಕಂಪನಿಗಾಗಿ ಅವರು ಉಬ್ಬಿಸಿದ ಗೋಧಿ ಮತ್ತು ಅಕ್ಕಿಯ ಪ್ರಚಾರವನ್ನು ವಹಿಸಿಕೊಂಡರು. ಪುರಿ, ಮಂಡಕ್ಕಿ ತಿಂದು ಬೆಳೆದ ಕನ್ನಡಿಗರಿಗೆ ಉಬ್ಬಿದ ಅಕ್ಕಿಯಲ್ಲಿ ಹೊಸತೇನೂ ಕಾಣದು. ಆದರೆ ಅಮೆರಿಕದ ಗೃಹಿಣಿಗೆ ಅದು ಅಚ್ಚರಿಯ ವಸ್ತು. ಸಸ್ಯವಿಜ್ಞಾನಿ ಅಲೆಕ್ಸಾಂಡರ್ ಆಂಡರ್ಸನ್ ಕಂಡುಹಿಡಿದ ವಿಧಾನದಲ್ಲಿ ಧಾನ್ಯವನ್ನು ಮುಚ್ಚಿದ ಕೊಳವೆಯಲ್ಲಿ ಕಾಯಿಸಿ ಒತ್ತಡವನ್ನು ಒಮ್ಮೆಲೇ ಬಿಡಲಾಗುತ್ತಿತ್ತು. ಕಾಳಿನೊಳಗಿನ ತೇವ ಹಬೆಯಾಗಿ ಸಿಡಿದು ಕಾಳು ಹಲವು ಪಟ್ಟು ಉಬ್ಬುತ್ತಿತ್ತು. ಹಾಪ್ಕಿನ್ಸ್ ಇದನ್ನು ಫಿರಂಗಿಯಿಂದ ಹಾರಿಸಿದ ಆಹಾರವೆಂದು ಬಣ್ಣಿಸಿದರು, ಪ್ರಾಧ್ಯಾಪಕ ಆಂಡರ್ಸನ್ ಅವರ ಹೆಸರನ್ನು ಮುಂದೆ ತಂದರು, ಬೆಲೆಯನ್ನು ಹೆಚ್ಚಿಸಿದರು. ದಿನಪತ್ರಿಕೆಗಳಲ್ಲಿ ಹಾಕಿದ ಜಾಹೀರಾತು ಇಲ್ಲಿ ಫಲಿಸಲಿಲ್ಲ. ಪತ್ರಿಕೆ ಕೊಳ್ಳುವ ಬಹುಪಾಲು ಮನೆಗಳಿಗೆ ಆ ಬೆಲೆಯ ತಿಂಡಿ ಎಟುಕುವಂತಿರಲಿಲ್ಲ. ಕೂಪನ್‌ಗಳ ಲೆಕ್ಕ ಇದನ್ನು ತೋರಿಸಿದೊಡನೆ ಪ್ರಚಾರವನ್ನು ಅನುಕೂಲಸ್ಥರು ಓದುವ ನಿಯತಕಾಲಿಕಗಳಿಗೆ ವರ್ಗಾಯಿಸಿದರು.

1911ರಲ್ಲಿ ಮಿಲ್ವಾಕಿಯ ಬಿ. ಜೆ. ಜಾನ್ಸನ್ ಸಾಬೂನು ಕಂಪನಿಯವರು ಬಟ್ಟೆ ಸಾಬೂನಿನ ವಿಚಾರ ಮಾತನಾಡಲು ಬಂದಿದ್ದರು. ಮಾತಿನ ನಡುವೆ ತಾಳೆ ಮತ್ತು ಆಲಿವ್ ಎಣ್ಣೆಗಳಿಂದ ಮಾಡಿದ ಒಂದು ಮೈಸಾಬೂನಿನ ಪ್ರಸ್ತಾಪ ಬಂತು. ಅದೇ ಪಾಮೋಲಿವ್. ಹಾಪ್ಕಿನ್ಸ್ ಮತ್ತು ಸಂಗಡಿಗರು ಅದನ್ನು ಸೌಂದರ್ಯದ ಸಾಬೂನಾಗಿ ಕಂಡರು. ಮಿಷಿಗನ್‌ನ ಬೆಂಟನ್ ಹಾರ್ಬರ್ ಎಂಬ ಸಣ್ಣ ಪಟ್ಟಣದಲ್ಲಿ ಸುಮಾರು 700 ಡಾಲರ್ ವೆಚ್ಚದಲ್ಲಿ ಪರೀಕ್ಷೆ ನಡೆಯಿತು. ಜಾಹೀರಾತಿನ ಕೂಪನ್ ಕೊಟ್ಟವರಿಗೆ ಅಂಗಡಿಯಲ್ಲಿ 10 ಸೆಂಟಿನ ಒಂದು ಬಿಲ್ಲೆ ಉಚಿತ, ಅದರ ಹಣ ಕಂಪನಿಯಿಂದ ಅಂಗಡಿಗೆ. ಔಷಧಕ್ಕಾಗಿ ರೂಪಿಸಿದ್ದ ಯೋಜನೆಯೇ ಇಲ್ಲಿ ಸಾಬೂನಿಗೆ ಬಂದಿತ್ತು. ಬಿಲ್ಲೆಗಳನ್ನು ಬಳಸಿದವರು ಮತ್ತೆ ಕೊಂಡರು. ಪ್ರಾಚೀನ ಈಜಿಪ್ಟಿನ ರಾಣಿಯರ ಸೌಂದರ್ಯದೊಂದಿಗೆ ಆ ಎಣ್ಣೆಗಳನ್ನು ಬೆಸೆಯುವ ಚಿತ್ರಗಳೂ ಜಾಹೀರಾತುಗಳಲ್ಲಿ ಬಂದವು. ಸಾಬೂನಿನ ಹೆಸರೇ ಕ್ರಮೇಣ ಕಂಪನಿಯ ಹೆಸರಾಯಿತು. 1928ರಲ್ಲಿ ಅದು ಕೋಲ್ಗೇಟ್ ಕಂಪನಿಯೊಂದಿಗೆ ಸೇರಿತು.

ಪೆಪ್ಸೊಡೆಂಟ್

ಲಿಕ್ವೋಜೋನ್‌ನ ಡಗ್ಲಸ್ ಸ್ಮಿತ್ 1910ರ ದಶಕದಲ್ಲಿ ಪೆಪ್ಸೊಡೆಂಟ್ ಎಂಬ ದಂತಮಂಜನದೊಂದಿಗೆ ಮತ್ತೆ ಹಾಪ್ಕಿನ್ಸ್ ಅವರ ಬಳಿ ಬಂದರು. ಹಲ್ಲಿನ ಬಗ್ಗೆ ಜನಸಾಮಾನ್ಯರಿಗೆ ಶಾಸ್ತ್ರ ಹೇಳುವುದು ಕಷ್ಟವೆಂದು ಹಾಪ್ಕಿನ್ಸ್ ಮೊದಲು ಹಿಂಜರಿದರು. ಕೊನೆಗೆ ಕಂಪನಿಯ ಷೇರುಗಳನ್ನು ನಿಗದಿತ ಬೆಲೆಗೆ ಕೊಳ್ಳುವ ಹಕ್ಕನ್ನು ಪಡೆದು ಒಪ್ಪಿಕೊಂಡರು. ದಂತಶಾಸ್ತ್ರದ ಒಣ ಗ್ರಂಥಗಳನ್ನು ಓದುತ್ತ ಹೋದಾಗ, ಹಲ್ಲಿನ ಮೇಲೆ ಕಟ್ಟಿಕೊಳ್ಳುವ ಲೋಳೆಯಂಥ ಪೊರೆಯ ವಿಚಾರ ಅವರ ಕಣ್ಣಿಗೆ ಬಿತ್ತು. ನಾಲಗೆಯನ್ನು ಹಲ್ಲಿನ ಮೇಲೆ ಆಡಿಸಿದರೆ ಯಾರಿಗಾದರೂ ಅದು ತಿಳಿಯುತ್ತದೆ. ಬಾಯಿಯಲ್ಲಿ ಸದಾ ಇರುವ, ಯಾರೂ ಗಮನಿಸದ ಒಂದು ಸಂಗತಿಗೆ ಅವರು ಹೆಸರು ಕೊಟ್ಟು ಅದನ್ನು ಸೌಂದರ್ಯದ ವೈರಿಯಾಗಿಸಿದರು.

ಹಲವಾರು ಜಾಹೀರಾತುಗಳನ್ನು ಕೂಪನ್‌ಗಳೊಂದಿಗೆ ಪರೀಕ್ಷಿಸಿ ನೋಡಿದಾಗ ಅವರಿಗೆ ಕಂಡದ್ದು ಇಷ್ಟು: ಹುಳುಕು ಹಲ್ಲಿನ ಭಯ ತೋರಿಸಿದರೆ ಜನ ಮುಖ ತಿರುಗಿಸುತ್ತಾರೆ, ಹೊಳೆಯುವ ಹಲ್ಲನ್ನು ತೋರಿಸಿದರೆ ಹತ್ತಿರ ಬರುತ್ತಾರೆ. ಮುಂದೆ ಬರುವ ತೊಂದರೆಯನ್ನು ತಡೆಯಲು ಯಾರೂ ಹಣ ಬಿಚ್ಚುವುದಿಲ್ಲ, ಇಂದಿನ ಚೆಲುವಿಗೆ ಬಿಚ್ಚುತ್ತಾರೆ. ಹತ್ತು ದಿನಗಳಿಗೆ ಸಾಕಾಗುವ ಮಾದರಿ ಟ್ಯೂಬಿನ ಕೂಪನ್‌ಗಳು ಲಕ್ಷಗಟ್ಟಲೆ ಬಂದವು. ಪೆಪ್ಸೊಡೆಂಟ್ ಕೆಲವೇ ವರ್ಷಗಳಲ್ಲಿ ಹಲವು ದೇಶಗಳಲ್ಲಿ ಮಾರಾಟವಾಗತೊಡಗಿತು. ಇದರಿಂದ ತಮಗೆ ಹತ್ತು ಲಕ್ಷ ಡಾಲರ್ ಲಾಭವಾಯಿತೆಂದು ಹಾಪ್ಕಿನ್ಸ್ ಬರೆದಿದ್ದಾರೆ.

ಆ ಪೊರೆ ಇರುವುದು ನಿಜ, ಅದನ್ನು ದಿನವೂ ತೆಗೆಯಬೇಕಾದುದೂ ನಿಜ. ಆದರೆ ಅದನ್ನು ತೆಗೆಯುವುದು ಮುಖ್ಯವಾಗಿ ಉಜ್ಜುವ ಕ್ರಿಯೆ. ಪೆಪ್ಸೊಡೆಂಟ್‌ಗೆ ಹೆಸರು ಕೊಟ್ಟ ಪೆಪ್ಸಿನ್ ಕಿಣ್ವ ಕೆಲಸ ಮಾಡುವುದು ಜಠರದಂಥ ಆಮ್ಲೀಯ ಸ್ಥಿತಿಯಲ್ಲಿ. ಬಾಯಿಯಲ್ಲಿ ಅದಕ್ಕೆ ಅಂಥ ಸ್ಥಿತಿ ಇರುವುದಿಲ್ಲ. ಹಾಗಿದ್ದರೂ ದಿನನಿತ್ಯ ಹಲ್ಲುಜ್ಜುವ ಅಭ್ಯಾಸ ಅಮೆರಿಕದಲ್ಲಿ ಹರಡಲು ಈ ಜಾಹೀರಾತುಗಳೂ ನೆರವಾದವು ಎಂದು ಹಲವರು ಅಭಿಪ್ರಾಯಪಡುತ್ತಾರೆ. ಲಿಕ್ವೋಜೋನ್ ಕೊಂಡವನಿಗೆ ಸಿಕ್ಕದ್ದು ಸುಳ್ಳು ಭರವಸೆ. ಪೆಪ್ಸೊಡೆಂಟ್ ಕೊಂಡವಳಿಗೆ ಅರೆನಿಜದ ಜೊತೆ ಒಂದು ಒಳ್ಳೆಯ ಅಭ್ಯಾಸ ದಕ್ಕಿತು. ಎರಡನ್ನೂ ಮಾರಿದ ಕೂಪನ್ ಒಂದೇ ಬಗೆಯದು. ಪೆಪ್ಸೊಡೆಂಟ್ ಹೆಸರು ಮುಂದೆ ಯೂನಿಲಿವರ್ ಕೈಸೇರಿ, 1990ರ ದಶಕದಲ್ಲಿ ಭಾರತದ ಅಂಗಡಿಗಳಿಗೂ ಬಂತು.

ವಿಧಾನ ಮತ್ತು ಬರಹಗಳು

ಹಾಪ್ಕಿನ್ಸ್ ಅವರ ಪದ್ಧತಿಯ ತಿರುಳು ಸರಳವಾದುದು. ಪ್ರತಿ ಜಾಹೀರಾತಿನ ಕೂಪನ್‌ನಲ್ಲಿ ವಿಳಾಸದ ಜೊತೆ ವಿಭಾಗದ ಒಂದು ಸಂಖ್ಯೆಯೋ ಬೇರೊಂದು ಗುರುತೋ ಇರುತ್ತಿತ್ತು. ಯಾವ ಪತ್ರಿಕೆಯ ಯಾವ ದಿನದ ಯಾವ ತಲೆಬರಹದಿಂದ ಆ ಕೂಪನ್ ಬಂತೆಂದು ಅದರಿಂದ ತಿಳಿಯುತ್ತಿತ್ತು. ಒಂದೇ ಸರಕಿಗೆ ಬೇರೆ ಬೇರೆ ತಲೆಬರಹಗಳನ್ನು ಕೊಟ್ಟು, ಬಂದ ಕೂಪನ್‌ಗಳನ್ನು ಎಣಿಸಿ, ಗೆದ್ದದ್ದನ್ನು ಉಳಿಸಿಕೊಂಡು ಸೋತದ್ದನ್ನು ಬಿಡುತ್ತಿದ್ದರು. ಗುಮಾಸ್ತನಾಗಿ ಕಲಿತ ಜಮಾ–ಖರ್ಚಿನ ಶಿಸ್ತು ಇಲ್ಲಿ ಎದ್ದುಕಾಣುತ್ತದೆ. ಹಾಸ್ಯ, ಅಲಂಕಾರ, ಪಾಂಡಿತ್ಯ ಇವುಗಳಿಗೆ ಜಾಹೀರಾತಿನಲ್ಲಿ ಎಡೆಯಿಲ್ಲವೆಂದೂ, ತಾವು ಬಡವರ ನಡುವೆ ಬೆಳೆದುದರಿಂದಲೇ ಸಾಮಾನ್ಯ ಜನರ ಮನಸ್ಸು ತಮಗೆ ತಿಳಿದಿದೆಯೆಂದೂ ಅವರು ನಂಬಿದ್ದರು.

'ಸೈಂಟಿಫಿಕ್ ಅಡ್ವರ್ಟೈಸಿಂಗ್' ಸಣ್ಣ ಪುಸ್ತಕ, ಸಣ್ಣ ವಾಕ್ಯಗಳ ಪುಸ್ತಕ. ಊಹೆಯ ಕಾಲ ಮುಗಿಯಿತು, ಜಾಹೀರಾತು ಈಗ ನಿಶ್ಚಿತ ನಿಯಮಗಳ ಮೇಲೆ ನಿಂತಿದೆ ಎಂಬುದು ಅದರ ವಾದ. ಇಲ್ಲಿ ವಿಜ್ಞಾನವೆಂದರೆ ಮಾರಾಟದ ಅಳತೆ. ಮಾರಲ್ಪಡುವ ವಸ್ತುವಿನ ಬಗ್ಗೆ ಹೇಳಿದ ಮಾತು ದಿಟವೇ ಎಂದು ಅಳೆಯುವ ಕೋಲು ಅದರಲ್ಲಿಲ್ಲ. ಗ್ರಾಹಕ ಮತ್ತೆ ಮತ್ತೆ ಕೊಳ್ಳುವ ಸಾಬೂನಿನಂಥ ಸರಕಿನಲ್ಲಿ ಈ ಕೊರತೆ ಅಷ್ಟಾಗಿ ಬಾಧಿಸದು, ಏಕೆಂದರೆ ಬಳಸಿ ನೋಡಿದವರೇ ಪರೀಕ್ಷಕರು. ಬಳಸಿ ನೋಡಿ ತಿಳಿಯಲಾಗದ ಔಷಧದಂಥ ಸರಕಿನಲ್ಲಿ ಅದು ಅಪಾಯಕಾರಿ.

ಬ್ರಿಟನ್ ಮೂಲದ ಡೇವಿಡ್ ಒಗಿಲ್ವಿ ಈ ಪುಸ್ತಕವನ್ನು ಏಳು ಬಾರಿ ಓದದವರು ಜಾಹೀರಾತಿನ ಕೆಲಸಕ್ಕೆ ಕೈಹಾಕಬಾರದೆಂಬ ಅಭಿಪ್ರಾಯ ಹೊಂದಿದ್ದರು. 1961ರಲ್ಲಿ 'ರಿಯಾಲಿಟಿ ಇನ್ ಅಡ್ವರ್ಟೈಸಿಂಗ್' ಬರೆದ ರಾಸರ್ ರೀವ್ಸ್ ಅವರ ಮೇಲೂ ಇದರ ಪ್ರಭಾವ ಗಾಢವಾಗಿದೆ.

ಕೊನೆಯ ವರ್ಷಗಳು

1920ರ ದಶಕದ ನಡುವಿನಲ್ಲಿ ಹಾಪ್ಕಿನ್ಸ್ ಲಾರ್ಡ್ ಅಂಡ್ ಥಾಮಸ್ ಬಿಟ್ಟು ಸ್ವತಂತ್ರವಾಗಿ ಕೆಲಸ ಮಾಡಿದರು. ಹುಟ್ಟಿದ ರಾಜ್ಯವಾದ ಮಿಷಿಗನ್‌ನ ಸ್ಪ್ರಿಂಗ್ ಲೇಕ್ ಸರೋವರದ ದಡದಲ್ಲಿ, ಎಳೆತನದಲ್ಲಿ ಕೂಲಿಗೆ ದುಡಿದ ಪ್ರದೇಶದ ಸಮೀಪದಲ್ಲಿ, ದೊಡ್ಡ ಮನೆಯನ್ನೂ ವಿಶಾಲವಾದ ತೋಟವನ್ನೂ ಮಾಡಿಕೊಂಡಿದ್ದರು. ಆತ್ಮಕಥೆಯ ಕೊನೆಯ ಭಾಗದಲ್ಲಿ ಅಲ್ಲಿನ ಹೂಗಿಡಗಳ ಬಗ್ಗೆ, ನೆರೆಹೊರೆಯ ಸಾಧಾರಣ ಜನರ ಬಗ್ಗೆ ಮಮತೆಯಿಂದ ಬರೆದಿದ್ದಾರೆ. 1932ರಲ್ಲಿ ನಿಧನರಾದರು. ಪತ್ರಿಕೆಗಳಲ್ಲಿ ಬರುವ ಔಷಧ ಮತ್ತು ಆಹಾರಗಳ ಸುಳ್ಳು ಜಾಹೀರಾತುಗಳ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ ನೇರ ಅಧಿಕಾರ ಕೊಟ್ಟ ವೀಲರ್–ಲೀ ತಿದ್ದುಪಡಿ ಜಾರಿಗೆ ಬಂದದ್ದು 1938ರಲ್ಲಿ.